ಮೊದಲು ಗೂಡು ತೊಳೆಯುವವರನ್ನು ಮಾತಾಡಿಸಿ

ನಾಯಿಯನ್ನೋ ಬೆಕ್ಕನ್ನೋ ದತ್ತು ತೆಗೆದುಕೊಳ್ಳಬೇಕು ಅಂತ ಇರುವವರು ನನಗೆ ಫೋನ್ ಮಾಡಿದರೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಯಾವ ಜಾತಿ ಒಳ್ಳೆಯದು? ಅದರ ಬೆನ್ನಿಗೇ ಇನ್ನೊಂದು: ಮರಿ ಸಿಗುತ್ತದಾ? ನಾನು ಎರಡಕ್ಕೂ ಉತ್ತರ ಕೊಡುವುದಿಲ್ಲ. ಶೆಲ್ಟರ್‌ಗೆ ಹೋಗಿ, ಅಲ್ಲಿ ಗೂಡು ತೊಳೆಯುವವರು ಯಾರು ಅಂತ ವಿಚಾರಿಸಿ, ಅವರ ಹತ್ತಿರ ಒಂದರ್ಧ ಗಂಟೆ ಮಾತಾಡಿಕೊಂಡು ಬನ್ನಿ, ಆಮೇಲೆ ಜಾತಿ ಬಣ್ಣ ಎಲ್ಲ ನೋಡೋಣ ಅನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ ಬಿಡಿ.

ಗೂಡಿನೊಳಗೆ ಕಾಣುವ ನಾಯಿ ಬೇರೆ, ಮನೆಗೆ ಬಂದು ಒಂದೆರಡು ತಿಂಗಳಾದ ಮೇಲೆ ಇರುವ ನಾಯಿಯೇ ಬೇರೆ. ಶೆಲ್ಟರ್ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಸುತ್ತ ಬೊಗಳಾಟ, ಔಷಧಿ ವಾಸನೆ, ದಿನಾ ಹೊಸ ಮುಖಗಳು. ಕೆಲವು ನಾಯಿಗಳು ಜಾಲರಿಗೆ ಹಾರಿ ಹಾರಿ ಬೊಗಳುತ್ತವೆ. ನೋಡಲು ಬಂದವರು 'ಅಯ್ಯೋ, ಇದು ತುಂಬಾ ಜೋರು' ಅಂದು ಮುಂದೆ ಹೋಗುತ್ತಾರೆ. ಕೆಲವು ಗೋಡೆ ಕಡೆಗೆ ಮುಖ ಮಾಡಿ ಮಲಗಿರುತ್ತವೆ. 'ಇದಕ್ಕೇನೋ ಕಾಯಿಲೆ' ಅಂತ ಅದನ್ನೂ ದಾಟುತ್ತಾರೆ. ಕೊನೆಗೆ ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬಂದ ಯಾವುದೋ ಒಂದನ್ನು ತೋರಿಸಿ 'ಇದು ಇರಲಿ' ಅನ್ನುತ್ತಾರೆ. ಹತ್ತು ಹನ್ನೆರಡು ವರ್ಷ ಜೊತೆಗಿರಬೇಕಾದ ಪ್ರಾಣಿಯನ್ನು ಐದು ನಿಮಿಷದಲ್ಲಿ ಆರಿಸಿದ ಹಾಗಾಯಿತು.

ಒತ್ತಡ ಜಾಸ್ತಿಯಾದಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ. ಇದನ್ನು ಶೆಲ್ಟರ್ ನಾಯಿಗಳಲ್ಲಿ ಅಳೆದು ನೋಡಿದ್ದಾರೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಶೆಲ್ಟರ್‌ಗೆ ಬಂದ ಮೊದಲ ಮೂರು ದಿನ ಈ ಹಾರ್ಮೋನ್ ಮನೆಯಲ್ಲಿ ಸಾಕಿದ ನಾಯಿಗಳಿಗಿಂತ ಬಹಳ ಹೆಚ್ಚಿರುತ್ತದೆ. 2019ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಶೆಲ್ಟರ್ ನಾಯಿಗಳನ್ನು ಒಂದೆರಡು ರಾತ್ರಿ ಮಾತ್ರ ಯಾರದೋ ಮನೆಗೆ ಕಳಿಸಿ, ಹೋಗುವ ಮುಂಚೆ, ಅಲ್ಲಿದ್ದಾಗ, ವಾಪಸ್ ಬಂದ ಮೇಲೆ ಅಂತ ಅವುಗಳ ಮೂತ್ರದಲ್ಲಿ ಕಾರ್ಟಿಸಾಲ್ ಎಷ್ಟಿದೆ ನೋಡಿದರು. ಮನೆಯಲ್ಲಿದ್ದಾಗ ಇಳಿಯಿತು. ವಾಪಸ್ ಬಂದ ಮೇಲೆ ಮತ್ತೆ ಮೊದಲಿದ್ದಷ್ಟೇ ಆಯಿತು. ನಾಯಿ ಅದೇ, ಜಾಗ ಬದಲಾಗಿತ್ತು ಅಷ್ಟೇ. ಹಾಗಿರುವಾಗ ಜಾಲರಿ ಆಚೆ ನಿಂತು ಅದರ ಸ್ವಭಾವ ಹೇಗೆ ಅಂತ ತೀರ್ಮಾನ ಮಾಡಿದರೆ ಹೇಗೆ?

ಅದಕ್ಕೇ ಗೂಡು ತೊಳೆಯುವವರು ಬೇಕಾಗುತ್ತಾರೆ. ಆ ಪ್ರಾಣಿಯನ್ನು ಬೆಳಗ್ಗೆ ಸಂಜೆ ನೋಡುವವರು ಅವರೇ. ಊಟದ ತಟ್ಟೆ ಇಟ್ಟಾಗ ಏನು ಮಾಡುತ್ತದೆ, ಮಲಗಿದ್ದಾಗ ಮುಟ್ಟಿದರೆ ಬೆಚ್ಚಿ ಬೀಳುತ್ತದಾ, ಪಕ್ಕದ ಗೂಡಿನ ನಾಯಿಯ ಜೊತೆ ಜಗಳವಾ, ಬೆಲ್ಟ್ ಕಟ್ಟಿದರೆ ನಡೆಯುತ್ತದಾ ಅಥವಾ ನೆಲಕ್ಕೆ ಅಂಟಿ ಕೂರುತ್ತದಾ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆಫೀಸಿನಲ್ಲಿ ಕೂತವರ ಹತ್ತಿರ ಫೈಲ್ ಇರುತ್ತದೆ, ಅದೂ ಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಫೈಲಿನಲ್ಲಿ 'ಫ್ರೆಂಡ್ಲಿ' ಅಂತ ಒಂದೇ ಪದ ಬರೆದಿರುತ್ತದೆ. ಫ್ರೆಂಡ್ಲಿ ಅಂದರೆ ಯಾರ ಜೊತೆ? ಎಷ್ಟು ಹೊತ್ತು?

ನಮ್ಮ ಗುಂಡನ ವಿಷಯ ಹೇಳುತ್ತೇನೆ. ಅವನು ಗೋಡೆ ಕಡೆ ಮುಖ ಮಾಡಿ ಮಲಗುವ ಜಾತಿ. ಬಂದವರೆಲ್ಲ ಅವನನ್ನು ದಾಟಿಕೊಂಡೇ ಹೋಗಿದ್ದರಂತೆ. ಅಲ್ಲಿ ಗೂಡು ತೊಳೆಯುತ್ತಿದ್ದ ಅಣ್ಣ, ಕೈಯಲ್ಲಿ ಪೈಪ್ ಹಿಡಿದುಕೊಂಡೇ ಹೇಳಿದರು: "ಅಕ್ಕಾ, ಇವನು ಗೂಡಲ್ಲಿ ಹಿಂಗೇ. ಬೆಳಗ್ಗೆ ಅಂಗಳಕ್ಕೆ ಬಿಟ್ಟಾಗ ಬಂದು ನೋಡಿ. ನೀರು ಬಿಟ್ರೆ ಸಾಕು, ಪೈಪಿಗೆ ಬಾಯಿ ಹಾಕೋಕೆ ಬರ್ತಾನೆ. ಚಿಕ್ಕ ಮಕ್ಕಳು ಬಂದ್ರೆ ಸುಮ್ನೆ ಕೂತ್ಕೋತಾನೆ. ಒಂದೇ ಒಂದು. ಕೈಯಲ್ಲಿ ಪೊರಕೆ ಗಿರಕೆ ಇದ್ರೆ ಹೆದರ್ಕೊಂಡು ಉಚ್ಚೆ ಹೊಯ್ಕೋತಾನೆ. ಆಗ ಬೈಬೇಡಿ." ಫೈಲಿನಲ್ಲಿ ಪೊರಕೆಯ ಸುದ್ದಿಯೇ ಇರಲಿಲ್ಲ. ನಾನು ಮತ್ತೊಂದು ದಿನ ಬೆಳಗ್ಗೆ ಹೋಗಿ ನೋಡಿದೆ, ಆ ಅಣ್ಣ ಹೇಳಿದಂತೆಯೇ ಇದ್ದ. ನೀರಿನ ಧಾರೆಯನ್ನು ಕಚ್ಚಲು ಹಾರುವುದು, ಕೆಮ್ಮುವುದು, ಮತ್ತೆ ಹಾರುವುದು.

ಮನೆಗೆ ಬಂದ ಮೇಲೆ ಅವನು ಹಾಲ್‌ನಲ್ಲಿ ಇದ್ದರೆ ನಾವು ರೂಮಿನಲ್ಲಿ ಕಸ ಗುಡಿಸುವುದು, ರೂಮಿನಲ್ಲಿ ಇದ್ದರೆ ಹಾಲ್‌ನಲ್ಲಿ ಗುಡಿಸುವುದು ಅಂತ ಮಾಡಿಕೊಂಡೆವು. ಆಮೇಲೆ ಪೊರಕೆಯನ್ನು ನೆಲದ ಮೇಲೆ ಸುಮ್ನೆ ಮಲಗಿಸಿ ಅದರ ಸುತ್ತ ತಿಂಡಿ ಚೂರು ಇಡುತ್ತಾ ಬಂದೆವು. ಮೊದಲು ದೂರ, ಆಮೇಲೆ ಹತ್ತಿರ. ಈಗ ಪೊರಕೆ ಕೈಗೆ ತೆಗೆದುಕೊಂಡರೆ ಎದ್ದು ಪಕ್ಕದ ರೂಮಿಗೆ ಹೋಗುತ್ತಾನೆ, ಅಷ್ಟೇ. ಪೂರ್ತಿ ಹೋಗಿಲ್ಲ ಆ ಹೆದರಿಕೆ, ಹೋಗಲೇಬೇಕು ಅಂತಲೂ ಇಲ್ಲ. ಆ ಅಣ್ಣ ಹೇಳದೇ ಇದ್ದಿದ್ದರೆ ಮೊದಲ ದಿನವೇ ಮನೆತುಂಬ ಉಚ್ಚೆ ಹೊಯ್ಯುವ ನಾಯಿ ಅಂತ ಅವನ ಮೇಲೆ ಯಾರಾದರೂ ರೇಗಿರುತ್ತಿದ್ದರು.

ಇನ್ನು ಜಾತಿ ಪ್ರಶ್ನೆ. ಶೆಲ್ಟರ್‌ನಲ್ಲಿ ಇರುವ ಬಹುತೇಕ ನಾಯಿಗಳು ಮಿಶ್ರ ತಳಿ. ಬೋರ್ಡ್ ಮೇಲೆ 'ಲ್ಯಾಬ್ ಮಿಕ್ಸ್', ಅಂದರೆ ಲ್ಯಾಬ್ರಡಾರ್ ಬೆರಕೆ, ಅಂತ ಬರೆದಿದ್ದರೆ ಅದು ಯಾರೋ ಮೂತಿ ನೋಡಿ ಮಾಡಿದ ಅಂದಾಜು. ಡಿಎನ್ಎ ಪರೀಕ್ಷೆ ಮಾಡಿಸಿ ಹೋಲಿಸಿದಾಗ ಈ ತರಹದ ಅಂದಾಜುಗಳು ಎಷ್ಟೋ ಸಲ ತಪ್ಪಾಗಿವೆ. ಅಂದಾಜು ಸರಿ ಇದ್ದರೂ ಅದರಿಂದ ದೊಡ್ಡ ಉಪಯೋಗ ಇಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಪ್ರಶ್ನೆ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ ಅಂತ ಗೊತ್ತಾಯಿತು. ಮೈಕಟ್ಟು, ಕೂದಲು, ಕಾಯಿಲೆಗಳ ವಿಷಯದಲ್ಲಿ ತಳಿ ಮುಖ್ಯ, ಒಪ್ಪುತ್ತೇನೆ. ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವುದಕ್ಕೆ ಎದುರಿಗಿರುವ ಆ ಒಂದು ನಾಯಿಯನ್ನೇ ಕೇಳಬೇಕು. ಅಂದರೆ ಅದನ್ನು ನೋಡಿಕೊಂಡವರನ್ನು.

ಬೆಕ್ಕುಗಳಲ್ಲಿ ಬಣ್ಣದ ಮೇಲೆ ಕಥೆ ಕಟ್ಟುತ್ತಾರೆ. ಕೇಸರಿ ಬೆಕ್ಕು ಮುದ್ದು, ಮೂರು ಬಣ್ಣದ್ದು ಸಿಡುಕು, ಕರಿ ಬೆಕ್ಕು ಬೇಡವೇ ಬೇಡ. ಬಣ್ಣದಿಂದ ಖಂಡಿತ ಹೇಳಬಹುದಾದದ್ದು ಬೇರೆ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು, ಕೇಸರಿ ಬೆಕ್ಕುಗಳಲ್ಲಿ ಗಂಡು ಜಾಸ್ತಿ, ಎರಡೂ ಕಣ್ಣು ನೀಲಿ ಇರುವ ಬಿಳಿ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಕಿವಿ ಕೇಳುವುದಿಲ್ಲ. ಸ್ವಭಾವ ಗೊತ್ತಾಗಬೇಕಾದರೆ ಮತ್ತೆ ಅದೇ ದಾರಿ. ಉಚ್ಚೆ ಕಕ್ಕಸಿಗೆ ಇಟ್ಟ ಟ್ರೇ ಬಳಸುತ್ತದಾ, ಎತ್ತಿಕೊಂಡರೆ ಸುಮ್ಮನಿರುತ್ತದಾ, ಬೇರೆ ಬೆಕ್ಕಿನ ಜೊತೆ ಹೊಂದಿಕೊಳ್ಳುತ್ತದಾ, ಕೇಳಿ.

ಮರಿಯೇ ಬೇಕು ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಮರಿ ಯಾರಿಗೆ ಇಷ್ಟ ಇಲ್ಲ? ಆದರೆ 'ಮರಿ ಆದರೆ ನಾವು ಹೇಳಿದ ಹಾಗೆ ಬೆಳೆಯುತ್ತದೆ' ಅನ್ನುವ ಮಾತು ಅರ್ಧ ಸತ್ಯ. ನಾಯಿಮರಿ ಜನ, ಸದ್ದು, ಜಾಗಗಳಿಗೆ ಒಗ್ಗಿಕೊಳ್ಳುವ ಮುಖ್ಯ ಕಾಲ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ, ಬೆಕ್ಕಿನ ಮರಿಗೆ ಇನ್ನೂ ಮುಂಚೆ, 2ರಿಂದ 7ನೇ ವಾರ. ನಿಮ್ಮ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಸಾಕಷ್ಟು ಕಳೆದುಹೋಗಿರುತ್ತದೆ. ಮೇಲಾಗಿ ಮರಿ ಅಂದರೆ ರಾತ್ರಿ ಅಳು, ಚಪ್ಪಲಿ ಚಿಂದಿ, ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗುವ ಕೆಲಸ. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಅಂದರೆ ಅದನ್ನು ಯಾರು ಮಾಡುತ್ತಾರೆ? ಎರಡು ಮೂರು ವರ್ಷದ ನಾಯಿಯ ಗಾತ್ರ ಇಷ್ಟು, ಗುಣ ಇಷ್ಟು ಅಂತ ತಿಳಿದಿರುತ್ತದೆ. ಏಳೆಂಟು ವರ್ಷದ್ದಾದರೆ ಇನ್ನೂ ನೆಮ್ಮದಿ. ಸೋಫಾ ಹರಿಯುವ ವಯಸ್ಸು ದಾಟಿರುತ್ತದೆ. ಬೆಕ್ಕುಗಳಂತೂ ಹದಿನೈದು ವರ್ಷ ಬದುಕುವುದು ಅಪರೂಪವೇನಲ್ಲ, ಹಾಗಾಗಿ ಆರು ವರ್ಷದ ಬೆಕ್ಕನ್ನು ಮುದಿ ಅಂತ ದಾಟಿ ಹೋಗುವುದರಲ್ಲಿ ಅರ್ಥವಿಲ್ಲ.

ಬೆಕ್ಕಿನ ಮರಿಯೇ ಆಗಬೇಕು ಅಂದರೆ ಒಂದೇ ತಾಯಿಯ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಿ. ಒಂದೇ ಇದ್ದರೆ ಅದು ಆಡುವುದು ನಿಮ್ಮ ಕಾಲಿನ ಜೊತೆ, ಅದೂ ರಾತ್ರಿ ಎರಡು ಗಂಟೆಗೆ.

ಈಗ ಫೈಲಿನ ಮಾತು. ಮೊದಲು ನೋಡಬೇಕಾದದ್ದು ಲಸಿಕೆ ಕಾರ್ಡ್. ನಾಯಿಮರಿಗೆ 6–8ನೇ ವಾರದಲ್ಲಿ ಮೊದಲ ಲಸಿಕೆ ಹಾಕಿ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ 16ನೇ ವಾರದವರೆಗೆ ಹಾಕುತ್ತಾ ಹೋಗುತ್ತಾರೆ. ಅಷ್ಟೊಂದು ಸಲ ಯಾಕೆ ಅಂತ ಕೇಳುವವರಿದ್ದಾರೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ತರಹ. ಅದಕ್ಕೆ ಮತ್ತೆ ಮತ್ತೆ ಹಾಕುವುದು. ಒಂದು ಸೂಜಿ ಆಯಿತು ಅಂತ ಮರಿಯನ್ನು ರಸ್ತೆಯಲ್ಲಿ ಓಡಾಡಿಸಲು ಹೋಗಬೇಡಿ.

ಪಾರ್ವೋ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. 1978ರಲ್ಲಿ ಮೊದಲು ಗುರುತಿಸಿದ ಈ ವೈರಸ್ ಒಂದೆರಡು ವರ್ಷದಲ್ಲೇ ಜಗತ್ತೆಲ್ಲ ಹರಡಿತು. ವಾಂತಿ, ರಕ್ತ ಮಿಶ್ರಿತ ಭೇದಿ, ಮರಿ ಎರಡು ದಿನದಲ್ಲಿ ಒಣಗಿಹೋಗುತ್ತದೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಕೆಲವು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು, ಹಾಗಾಗಿ ತರುವಾಗ ಚೆನ್ನಾಗಿದ್ದ ಮರಿ ನಾಲ್ಕನೇ ದಿನ ಮಲಗಿಬಿಟ್ಟರೆ ಶೆಲ್ಟರ್‌ನವರು ಮೋಸ ಮಾಡಿದರು ಅಂತ ತಕ್ಷಣ ಕೂಗಾಡಬೇಡಿ, ಮೊದಲು ಡಾಕ್ಟರ ಹತ್ತಿರ ಓಡಿ. ನಿಮ್ಮ ಮನೆಯಲ್ಲಿ ಹಿಂದೆ ಯಾವುದಾದರೂ ನಾಯಿ ಪಾರ್ವೋದಿಂದ ಸತ್ತಿದ್ದರೆ ಅದನ್ನು ಶೆಲ್ಟರ್‌ನಲ್ಲಿ ಬಾಯಿಬಿಟ್ಟು ಹೇಳಿ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎಷ್ಟೋ ನೆಲ ಒರೆಸುವ ದ್ರಾವಣಗಳಿಗೆ ಅದು ಸಾಯುವುದೇ ಇಲ್ಲ, ಬ್ಲೀಚ್ ಬೇಕು. ಅಂಥ ಮನೆಗೆ ಲಸಿಕೆ ಮುಗಿಸಿದ ದೊಡ್ಡ ನಾಯಿಯೇ ಸರಿ.

ಬೆಕ್ಕಾದರೆ ಎಫ್ಐವಿ ಮತ್ತು ಎಫ್ಇಎಲ್‌ವಿ ಅನ್ನುವ, ಬೆಕ್ಕುಗಳಿಗೆ ಬರುವ ಎರಡು ವೈರಸ್‌ಗಳ ಪರೀಕ್ಷೆ ಆಗಿದೆಯಾ ಕೇಳಿ. ಒಂದೆರಡು ಹನಿ ರಕ್ತ ಸಾಕು, ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎಫ್ಐವಿ ಇದ್ದರೆ ಬೆಕ್ಕನ್ನು ಬಿಟ್ಟೇ ಬರಬೇಕು ಅಂತೇನಿಲ್ಲ. ಅದು ಮುಖ್ಯವಾಗಿ ಹರಡುವುದು ಜೋರಾಗಿ ಕಚ್ಚಿದಾಗ, ಮನುಷ್ಯರಿಗೆ ಬರುವುದಿಲ್ಲ, ಅಂಥ ಬೆಕ್ಕುಗಳು ಮನೆಯೊಳಗೆ ವರ್ಷಗಟ್ಟಲೆ ಆರಾಮವಾಗಿ ಇರುತ್ತವೆ. ಎಫ್ಇಎಲ್‌ವಿ ಸ್ವಲ್ಪ ಕಷ್ಟದ ಕಾಯಿಲೆ. ಒಂದು ಬೆಕ್ಕು ಇನ್ನೊಂದನ್ನು ನೆಕ್ಕಿದರೂ, ತಟ್ಟೆ ಹಂಚಿಕೊಂಡರೂ ಹರಡಬಹುದು. ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ಇದನ್ನು ತಿಳಿಯದೆ ಇನ್ನೊಂದನ್ನು ತರಬೇಡಿ.

ಸಂತಾನಹರಣ ಆಪರೇಷನ್ ಆಗಿದೆಯಾ ಅನ್ನುವುದು ಮುಂದಿನ ಪ್ರಶ್ನೆ. ಆಗಿಲ್ಲದಿದ್ದರೆ ಯಾವಾಗ, ಯಾರು ಮಾಡಿಸಬೇಕು ಅಂತ ಆಗಲೇ ಮಾತಾಡಿಕೊಳ್ಳಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಹುದು, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸುರಾಗುವುದೂ ಉಂಟು. 'ಒಂದು ಸಲ ಮರಿ ಹಾಕಲಿ, ಅದರ ಆರೋಗ್ಯಕ್ಕೆ ಒಳ್ಳೆಯದು' ಅನ್ನುವ ಮಾತಿಗೆ ಬುಡವಿಲ್ಲ. ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಸ್ತನದ ಗೆಡ್ಡೆಯ ಅಪಾಯ ಕಡಿಮೆ ಅನ್ನುವುದು ಇನ್ನೊಂದು ಲಾಭ. ದೊಡ್ಡ ತಳಿಯ ನಾಯಿಗಳಿಗೆ ಮಾತ್ರ ಕೆಲವು ಡಾಕ್ಟರುಗಳು ಮೂಳೆ ಕೀಲು ಬೆಳೆಯುವ ತನಕ ಕಾಯಿರಿ ಅನ್ನುತ್ತಾರೆ, ಅವರ ಮಾತು ಕೇಳಿ. ಗುರುತಿಗೆ ಅಂತ ಚರ್ಮದಡಿ ಮೈಕ್ರೋಚಿಪ್ ಹಾಕಿದ್ದರೆ ಆ 15 ಅಂಕಿಯ ನಂಬರ್ ಬರೆದುಕೊಂಡು, ನಿಮ್ಮ ಫೋನ್ ನಂಬರ್‌ಗೆ ಜೋಡಿಸಿಕೊಳ್ಳಿ. ಚಿಪ್ಪಿನಿಂದ ನಾಯಿ ಎಲ್ಲಿದೆ ಅಂತ ಮೊಬೈಲಿನಲ್ಲಿ ಕಾಣುವುದಿಲ್ಲ, ಸ್ಕ್ಯಾನರ್ ಹಿಡಿದರೆ ನಂಬರ್ ಬರುತ್ತದೆ ಅಷ್ಟೇ. ನಂಬರಿನ ಹಿಂದೆ ಹಳೇ ಮಾಲೀಕರ ಹೆಸರೇ ಇದ್ದರೆ ಏನು ಪ್ರಯೋಜನ?

ಶೆಲ್ಟರ್‌ನವರು ತುಂಬಾ ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತೇವೆ ಅನ್ನುತ್ತಾರೆ, ನಮ್ಮ ಮೇಲೇ ಅನುಮಾನ ಪಡುತ್ತಾರೆ ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯಾ, ಬಾಲ್ಕನಿಗೆ ಜಾಲರಿ ಇದೆಯಾ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಎಲ್ಲರಿಗೂ ಇಷ್ಟ ಇದೆಯಾ. ನನಗೂ ಮೊದಲ ಸಲ ಕಿರಿಕಿರಿ ಆಗಿತ್ತು. ಆದರೆ ವಾಪಸ್ ಬರುವ ಪ್ರಾಣಿಗಳ ಕಥೆ ಕೇಳಿದರೆ ಈ ಪ್ರಶ್ನೆಗಳು ಎಲ್ಲಿಂದ ಬಂದವು ಅಂತ ತಿಳಿಯುತ್ತದೆ. ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆ ಅಂತ ತಂದು, ಮನೆಯವರಿಗೆ ಇಷ್ಟವಾಗದೆ ವಾರದೊಳಗೆ ವಾಪಸ್. ಬಾಲ್ಕನಿಯಿಂದ ಬಿದ್ದ ಬೆಕ್ಕು. ಕೂಸು ಹುಟ್ಟಿತು ಅಂತ ವಾಪಸ್. ನಿಜ ಹೇಳಬೇಕೆಂದರೆ ಒಂದೂ ಪ್ರಶ್ನೆ ಕೇಳದೆ, ಅದೇ ಗಳಿಗೆ ಪ್ರಾಣಿಯನ್ನು ಕೈಗೆ ಕೊಟ್ಟು ಕಳಿಸುವವರ ಮೇಲೆ ನನಗೆ ಅನುಮಾನ ಜಾಸ್ತಿ. ಹಾಗಂತ ಕೆಲವು ರೆಸ್ಕ್ಯೂ ಗುಂಪುಗಳು ಅತಿ ಮಾಡುವುದೂ ಇದೆ. ಒಬ್ಬರೇ ಇರುವವರಿಗೆ ಕೊಡುವುದಿಲ್ಲ, ಅಂಗಳ ಇಲ್ಲದವರಿಗೆ ಕೊಡುವುದಿಲ್ಲ ಅಂತ. ಅಂಗಳ ಇದ್ದು ನಾಯಿಯನ್ನು ಇಡೀ ದಿನ ಅಲ್ಲೇ ಕಟ್ಟಿಹಾಕುವ ಮನೆಗಿಂತ, ದಿನಕ್ಕೆ ಎರಡು ಸಲ ವಾಕಿಂಗ್ ಕರೆದುಕೊಂಡು ಹೋಗುವ ಒಂದು ರೂಮಿನ ಮನೆ ಮೇಲು ಅಲ್ವಾ?

ಬೀದಿಯಲ್ಲಿ ಸಿಕ್ಕ ನಾಯಿಗಳಿಗೆ ಒಂದು ಮನೆ ಬೇಕು ಅನ್ನುವುದೇ ಒಂದು ಕಾಲಕ್ಕೆ ಜನಕ್ಕೆ ನಗುವಿನ ವಿಷಯವಾಗಿತ್ತು. 1860ರಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ಲಂಡನ್ನಿನ ಹಾಲೊವೇಯಲ್ಲಿ ಕಳೆದುಹೋದ, ಹಸಿದ ನಾಯಿಗಳಿಗೆ ಅಂತ ಒಂದು ಆಶ್ರಯ ಶುರು ಮಾಡಿದಾಗ ಪತ್ರಿಕೆಗಳು ಗೇಲಿ ಮಾಡಿದ್ದವು. ಅದು 1871ರಲ್ಲಿ ಬ್ಯಾಟರ್‌ಸೀಗೆ ಹೋಯಿತು, 1883ರಿಂದ ಬೆಕ್ಕುಗಳನ್ನೂ ಸೇರಿಸಿಕೊಂಡಿತು, ಈಗಲೂ ನಡೆಯುತ್ತಿದೆ.

ಸರಿ, ಕಾಗದ ಪತ್ರ ಮುಗಿಯಿತು, ಪ್ರಾಣಿ ಮನೆಗೆ ಬಂತು. ರೆಸ್ಕ್ಯೂ ಮಾಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುವ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿ ಅರ್ಥವಾಗುವುದು, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುವುದು. ಇದೊಂದು ಅಂದಾಜು ಮಾತ್ರ. ಕೆಲವು ನಾಯಿಗಳು ಮೊದಲ ಸಂಜೆಯೇ ಹಾಸಿಗೆ ಮೇಲೆ ಮಲಗುತ್ತವೆ, ಕೆಲವಕ್ಕೆ ಆರು ತಿಂಗಳು ಬೇಕು. ಆದರೂ ಆ ಲೆಕ್ಕ ಗೊತ್ತಿದ್ದರೆ ಮೂರನೇ ದಿನಕ್ಕೇ 'ಇದು ನಮಗೆ ಹೊಂದುವುದಿಲ್ಲ' ಅಂತ ಕೈ ಚೆಲ್ಲುವುದು ತಪ್ಪುತ್ತದೆ.

ಮೊದಲ ವಾರ ನೆಂಟರನ್ನು ಕರೆಯಬೇಡಿ. ಸ್ನಾನ ಮಾಡಿಸಲು ಹೋಗಬೇಡಿ, ತೀರಾ ಕೊಳಕಾಗಿದ್ದರೆ ಬೇರೆ ಮಾತು. ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಹಾಕಿ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ನಿಮ್ಮ ಆಹಾರಕ್ಕೆ ಬದಲಿಸಿ, ಇಲ್ಲದಿದ್ದರೆ ಭೇದಿ ಶುರುವಾಗುತ್ತದೆ. ಬೆಲ್ಟ್ ಗಟ್ಟಿಯಾಗಿದೆಯಾ ಎರಡು ಸಲ ನೋಡಿ. ಹೊಸ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ, ಬಾಗಿಲು ತೆರೆದ ಆ ಎರಡು ಸೆಕೆಂಡಿನಲ್ಲಿ. ಕತ್ತಿನ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಓಡುತ್ತವೆ. ಎದೆಗೆ ಹಾಕುವ ಹಾರ್ನೆಸ್ ಆದರೆ ಅದು ಕಷ್ಟ. ನಾಯಿ ಗುರ್ ಅಂದರೆ ಗದರಿಸಬೇಡಿ. 'ನನಗೆ ಇದು ಬೇಡ' ಅಂತ ಅದು ಹೇಳುವ ರೀತಿ ಅದು, ಅದನ್ನೂ ಹೊಡೆದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಬೆಕ್ಕಿಗೆ ಇಡೀ ಮನೆ ಬಿಟ್ಟುಕೊಡಬೇಡಿ, ಮೊದಲಿಗೆ ಒಂದು ರೂಮ್ ಸಾಕು. ಒಂದು ಮೂಲೆಗೆ ಟ್ರೇ, ದೂರದ ಇನ್ನೊಂದು ಮೂಲೆಗೆ ಊಟ ನೀರು, ಮತ್ತೆ ಒಂದು ರಟ್ಟಿನ ಡಬ್ಬ. ಈ ಡಬ್ಬ ಮುಖ್ಯ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಶೆಲ್ಟರ್‌ಗೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಡಬ್ಬ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದರು. ಡಬ್ಬ ಇದ್ದ ಬೆಕ್ಕುಗಳು ಬೇಗ ನಿರಾಳವಾದವು. ಬಿಟ್ಟಿ ಸಿಗುವ ರಟ್ಟಿನ ಡಬ್ಬಕ್ಕೆ ಇಷ್ಟು ಬೆಲೆ ಇದೆ.

ನಮ್ಮ ಚುಕ್ಕಿ ಒಂದು ರೆಸ್ಕ್ಯೂ ಮಾಡುವವರ ಮನೆಯಿಂದ ಬಂದವಳು. ಡಬ್ಬ ಇಟ್ಟಿದ್ದರೂ ಅವಳು ಹೋಗಿ ಕೂತಿದ್ದು ವಾಷಿಂಗ್ ಮಷಿನ್ ಹಿಂದೆ. ಹಗಲೆಲ್ಲ ಧೂಳು ಮೆತ್ತಿದ ಒಂದು ಮೀಸೆ ಮಾತ್ರ ಕಾಣುತ್ತಿತ್ತು. ಅಮ್ಮ ಪಾಪ, ಕೈ ಹಾಕಿ ಎಳೆದು ಎತ್ತಿಕೊಳ್ಳೋಣ ಅಂದರು. ಬೇಡ ಅಂದೆ. ದಿನಾ ಸ್ವಲ್ಪ ಹೊತ್ತು ಅಲ್ಲೇ ನೆಲದ ಮೇಲೆ ಕೂತು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ, ಅವಳ ಕಡೆ ನೋಡದೆ. ನೋಡಿದರೂ ಕಣ್ಣನ್ನು ನಿಧಾನ ಮುಚ್ಚಿ ತೆರೆಯುವುದು. ಬೆಕ್ಕುಗಳಿಗೆ ಅದು ಸ್ನೇಹದ ಗುರುತು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೂ ತೋರಿಸಿದ್ದಾರೆ, ಹಾಗೆ ಕಣ್ಣು ಮುಚ್ಚಿ ತೆರೆದ ಅಪರಿಚಿತರ ಹತ್ತಿರಕ್ಕೆ ಬೆಕ್ಕುಗಳು ಹೆಚ್ಚು ಬಂದವು. ಚುಕ್ಕಿ ರಾತ್ರಿ ನಾವು ಮಲಗಿದ ಮೇಲೆ ಬಂದು ತಿನ್ನುತ್ತಿದ್ದಳು, ಟ್ರೇ ಬಳಸುತ್ತಿದ್ದಳು, ಬೆಳಗ್ಗೆ ಮತ್ತೆ ಮಷಿನ್ ಹಿಂದೆ. ತಿನ್ನುತ್ತಿದ್ದಾಳೆ ಅಂದ ಮೇಲೆ ಚಿಂತೆ ಇಲ್ಲ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೇ ಇದ್ದರೆ ಮಾತ್ರ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗುತ್ತದೆ, ದಪ್ಪಗಿರುವ ಬೆಕ್ಕಿಗೆ ಇನ್ನೂ ಜಾಸ್ತಿ.

ಅವಳಿಗೂ ಗುಂಡನಿಗೂ ಪರಿಚಯ ಮಾಡಿಸಿದ್ದು ಮೂಗಿನಿಂದ. ಮೊದಲು ಒಂದರ ಹಾಸಿಗೆ ಬಟ್ಟೆಯನ್ನು ಇನ್ನೊಂದರ ರೂಮಿಗೆ ಇಟ್ಟೆವು, ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟದ ತಟ್ಟೆ, ಆಮೇಲೆ ಬಾಗಿಲು ಒಂದಿಷ್ಟೇ ಸಂದು. ಎದುರಾಬದುರಾ ಬಿಡುವಾಗ ಗುಂಡನಿಗೆ ಬೆಲ್ಟ್ ಇತ್ತು, ಚುಕ್ಕಿಗೆ ಹತ್ತಲು ಎತ್ತರದ ಕಪಾಟು ಇತ್ತು. ಅವಳು ಅಲ್ಲಿಂದ ಬುಸ್ ಅಂದಳು, ಇವನು ಬಾಲ ಮಡಚಿಕೊಂಡು ನನ್ನ ಹಿಂದೆ ಬಂದು ನಿಂತ. ಈಗ ಮನೆಯ ಯಜಮಾನಿ ಯಾರು ಅಂತ ಅವತ್ತೇ ತೀರ್ಮಾನವಾಯಿತು. ಎರಡು ಬೆಕ್ಕುಗಳ ಪರಿಚಯ ಇದಕ್ಕಿಂತ ನಿಧಾನ, ವಾರಗಟ್ಟಲೆ ಹಿಡಿಯುತ್ತದೆ, ಮತ್ತೆ ಟ್ರೇಗಳು ಬೆಕ್ಕುಗಳಿಗಿಂತ ಒಂದು ಜಾಸ್ತಿ ಇರಲಿ.

ಮನೆಯಲ್ಲಿ ಕಣ್ಣಿಗೆ ಬೀಳದ ಹಾಗೆ ಇಡಬೇಕಾದವು ಕೆಲವಿವೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ಅಂತೂ ಬಹಳ ಬೇಗ ಕೆಲಸ ಕೆಡಿಸುತ್ತದೆ. ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಅರ್ಧ ಮಾತ್ರೆಯೂ ಸಾಯಿಸಬಲ್ಲದು, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ನೆಲ ಒರೆಸಲು ಫಿನಾಯಿಲ್ ಬಳಸುತ್ತಿದ್ದರೆ ಬೆಕ್ಕು ಬಂದ ಮೇಲೆ ಬೇರೆ ಏನಾದರೂ ನೋಡಿಕೊಳ್ಳಿ. ಮತ್ತೆ, ನಾಯಿಗೆ ಹಚ್ಚುವ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಫಿಟ್ಸ್ ಬರುತ್ತದೆ. ಬೆಕ್ಕನ್ನು ಸಸ್ಯಾಹಾರಿ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು. ಟಾರಿನ್ ಅನ್ನುವ ಅಂಶ ಅದಕ್ಕೆ ಮಾಂಸದಿಂದಲೇ ಸಿಗುವುದು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಡ ಅಂದರೆ ನಾಯಿ ತನ್ನಿ, ಅದಕ್ಕೆ ಡಾಕ್ಟರು ಹೇಳಿದ ಹಾಗೆ ಹೇಗೋ ಹೊಂದಿಸಬಹುದು.

ಆಟದಲ್ಲಿ ಹಲ್ಲು ತಾಗಿದರೂ, ಉಗುರು ಪರಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಪ್ರಾಣಿಗೆ ರೇಬಿಸ್ ಲಸಿಕೆ ಆಗಿದೆ ಅಂತ ನೀವೇ ಲೆಕ್ಕ ಹಾಕಿ ಸುಮ್ಮನಾಗಬೇಡಿ, ಆ ತೀರ್ಮಾನ ಡಾಕ್ಟರೇ ಮಾಡಲಿ.

ಎಲ್ಲ ಮಾಡಿಯೂ ಹೊಂದಿಕೆ ಆಗದಿರಬಹುದು. ಮಗುವಿಗೆ ಅಲರ್ಜಿ ಬರಬಹುದು, ಇರುವ ನಾಯಿ ಹೊಸ ನಾಯಿಯನ್ನು ಕೊಲ್ಲಲು ಹೋಗಬಹುದು. ಆಗ ತಂದ ಶೆಲ್ಟರ್‌ಗೇ ವಾಪಸ್ ಕೊಡಿ, ನಾಚಿಕೆ ಬೇಡ. ಎಷ್ಟೋ ಶೆಲ್ಟರ್‌ಗಳ ಒಪ್ಪಂದದಲ್ಲೇ ಇದು ಬರೆದಿರುತ್ತದೆ. ಯಾರಿಗೋ ದಾಟಿಸುವುದು, ದೂರದ ರಸ್ತೆಯಲ್ಲಿ ಬಿಟ್ಟು ಬರುವುದು ಮಾತ್ರ ಬೇಡ. ವಾಪಸ್ ಕೊಡುವಾಗ ಬಾಯಿ ಮುಚ್ಚಿಕೊಂಡು ಬರಬೇಡಿ, ಮನೆಯಲ್ಲಿ ಅದು ಹೇಗಿತ್ತು, ಯಾವುದಕ್ಕೆ ಹೆದರಿತು, ಎಲ್ಲಿ ಮಲಗುತ್ತಿತ್ತು, ಎಲ್ಲ ಗೂಡು ನೋಡಿಕೊಳ್ಳುವವರಿಗೆ ಹೇಳಿ ಬನ್ನಿ. ಮನೆಯೊಳಗೆ ಅದು ಹೇಗಿರುತ್ತದೆ ಅಂತ ಅವರು ನೋಡಿರುವುದಿಲ್ಲ, ಮುಂದೆ ಕೇಳಲು ಬರುವವರಿಗೆ ಅದನ್ನೇ ಹೇಳುತ್ತಾರೆ.

ಹತ್ತು ವರ್ಷದ ಜವಾಬ್ದಾರಿ ಈಗ ಆಗುವುದಿಲ್ಲ ಅನ್ನುವವರು ಫಾಸ್ಟರ್ ಆಗಬಹುದು. ಆಪರೇಷನ್ ಆದ ನಾಯಿ, ಹಾಲು ಬಿಡದ ಬೆಕ್ಕಿನ ಮರಿಗಳು, ಇಂಥವನ್ನು ಕೆಲವು ವಾರ ಮನೆಯಲ್ಲಿಟ್ಟುಕೊಳ್ಳುವುದು. ಖರ್ಚು ಯಾರದು, ಹುಷಾರು ತಪ್ಪಿದರೆ ಯಾವ ಡಾಕ್ಟರು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಅದೂ ಆಗದಿದ್ದರೆ ಹಳೇ ಟವೆಲ್, ಬೆಡ್‌ಶೀಟ್, ಪೇಪರ್ ಕೊಡಿ, ಎಲ್ಲ ಕಡೆ ಬೇಕಾಗುತ್ತದೆ. ದಿಂಬು, ಹತ್ತಿ ತುಂಬಿದ ರಜಾಯಿ ಕೊಡುವ ಮುಂಚೆ ಮಾತ್ರ ಒಂದು ಫೋನ್ ಮಾಡಿ ಕೇಳಿ. ನಾಯಿಗಳು ಅದನ್ನು ಹರಿದು ಒಳಗಿನ ಹತ್ತಿ ನುಂಗುತ್ತವೆ, ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.